ಸಿರೋತಾ ಎಂಬ ಹೆಸರಿನ ಇಬ್ಬರು

ಅಂದು ಭಾನುವಾರ. ಪೀತಮ್‌ಪುರದ ನಮ್ಮ ಮನೆಯ ಬಾಲ್ಕನಿಯಲ್ಲಿ ಚಳಿಗಾಲದ ಬಿಸಿಲಿಗೆ ಬೆನ್ನು ಕೊಟ್ಟು ನಾನೂ ತಮ್ಮನೂ ಬಟಾಣಿ ಸುಲಿಯುತ್ತಿದ್ದೆವು. ಅವನಿಗೆ ಡಯಾಲಿಸಿಸ್ ಇಲ್ಲದ ದಿನ. ಅವನು ಸುಲಿದದ್ದರಲ್ಲಿ ಅರ್ಧ ಪಾತ್ರೆಗೆ, ಅರ್ಧ ಬಾಯಿಗೆ ಹೋಗುತ್ತಿತ್ತು.

"ನಿನಗೆ ಅದು ಆಗಲ್ಲ ಕಣೋ. ಪೊಟ್ಯಾಸಿಯಂ."

"ಅರೇ ಯಾರ್, ನಾಲ್ಕು ಕಾಳಿಗೆ ಏನಾಗತ್ತೆ? ನೀನು ಆಸ್ಪತ್ರೇನ ಮನೆಗೇ ಹೊತ್ತುಕೊಂಡು ಬರ್ತೀಯ."

ಆಮೇಲೆ ಅಮ್ಮ ಬಟಾಣಿ ಸಾಗುವಿಗೆ ತೆಂಗಿನಕಾಯಿ ಹಾಕುತ್ತಿದ್ದಳೋ ಇಲ್ಲವೋ ಎಂಬ ಜಗಳ ಎದ್ದಿತು. ಹಾಕುತ್ತಿದ್ದಳು ಎಂದು ನಾನು. ದೆಹಲಿಯಲ್ಲಿ ಆ ಕಾಲಕ್ಕೆ ಒಳ್ಳೆಯ ಕಾಯಿ ಎಲ್ಲಿ ಸಿಗುತ್ತಿತ್ತು, ಗಸಗಸೆ ಹಾಕುತ್ತಿದ್ದಳು ಎಂದು ಅವನು. ಅದು ನಮ್ಮ ಹಳೆಯ ಜಗಳ. ಪ್ರತಿ ಚಳಿಗಾಲದಲ್ಲೂ ಒಮ್ಮೆಯಾದರೂ ಆಗುತ್ತಿತ್ತು, ಎಂದೂ ತೀರ್ಮಾನವಾಗುತ್ತಿರಲಿಲ್ಲ.

"ಊರಿಂದ ಫೋನ್ ಬಂತಾ?" ಎಂದು ಕೇಳಿದ.

"ಸೋಮವಾರ ನೋಡ್ತೀವಿ ಅಂದ್ರು."

"ಅಚ್ಛಾ. ಹಾಗಾದ್ರೆ ಇವತ್ತು ಪರಾಠಾ."

ಮಾರನೆಯ ಬೆಳಿಗ್ಗೆ ಡಯಾಲಿಸಿಸ್ ಕುರ್ಚಿಯಲ್ಲಿ ಅವನಿಗೆ ನಡುಕ ಹಿಡಿಯಿತು. ಡಯಾಲಿಸಿಸ್‌ಗೆಂದು ಕತ್ತಿಗೆ ಹಾಕಿದ್ದ ಕೊಳವೆಯಿಂದ ಸೋಂಕು ರಕ್ತಕ್ಕೆ ಇಳಿದಿತ್ತು. ಆ ವಾರ ಮುಗಿಯುವುದರೊಳಗೆ ಅವನಿಲ್ಲವಾದ.

ಊರಿನಿಂದ ನಾವು ಕಾಯುತ್ತಿದ್ದದ್ದು ವಂಶವೃಕ್ಷದ ಪ್ರಮಾಣಪತ್ರ. ಅವನಿಗೆ ನನ್ನ ಮೂತ್ರಪಿಂಡ ಕೊಡುವುದೆಂದು ನಿಶ್ಚಯವಾಗಿತ್ತು. ರಕ್ತದ ಗುಂಪು ಹೊಂದಿತ್ತು, ಅಂಗಾಂಶದ ಪರೀಕ್ಷೆಯೂ ಚೆನ್ನಾಗಿ ಹೊಂದಿತ್ತು. ಹೊಂದದೆ ಹೋದದ್ದು ಹೆಸರು. ನಮ್ಮಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ತಮ್ಮ ಹೆಸರಿನ ಮುಂದೆ ಎರಡು ಇನಿಷಿಯಲ್ ಬಿಟ್ಟರೆ ಅವರಿಗೆ ಮನೆತನದ ಹೆಸರು ಎಂಬುದಿರಲಿಲ್ಲ. ನನ್ನನ್ನು ಇಲ್ಲಿ ಶಾಲೆಗೆ ಸೇರಿಸುವಾಗ "ಸರ್‌ನೇಮ್?" ಎಂದು ಕೇಳಿದ್ದಕ್ಕೆ ತಮ್ಮ ಹೆಸರನ್ನೇ ಬರೆಸಿದರು. ತಮ್ಮನನ್ನು ಸೇರಿಸುವ ಹೊತ್ತಿಗೆ ಸರ್‌ನೇಮ್ ಎಂದರೆ ವಂಶಕ್ಕೆಲ್ಲ ಸೇರಿದ್ದು ಎಂದು ತಿಳಿದುಕೊಂಡಿದ್ದರು. ಅದಕ್ಕೆ ಊರಿನ ಹೆಸರನ್ನು ಬರೆಸಿದರು. ಎರಡೂ ನಮ್ಮ ಕಡೆಯ ಪದ್ಧತಿಯೇ. ಆದರೆ ಕಸಿಗೆ ಒಪ್ಪಿಗೆ ಕೊಡುವ ಅನುಮತಿ ಸಮಿತಿಯ ಕಣ್ಣಿಗೆ ನಾವು ಬೇರೆ ಬೇರೆ ಮನೆಯವರಾಗಿ ಕಂಡೆವು. ಅಕ್ಕ ಎಂದು ಹೇಳಿಕೊಂಡು ಅಂಗ ಮಾರಲು ಬಂದವಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವಂಶವೃಕ್ಷ ತನ್ನಿ ಎಂದರು, ಅಷ್ಟೆ.

ಅವರನ್ನು ನಾನು ಬೈಯಲಾರೆ, ಏಕೆಂದರೆ ನನ್ನ ಸಂಬಳವೂ ಅದೇ ಅನುಮಾನದ ಕೆಲಸಕ್ಕೆ. ಫರೀದಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊರದೇಶದ ರೋಗಿಗಳ ವಿಭಾಗದಲ್ಲಿ ನಾನು ಸಂಯೋಜಕಿ. ಮೂತ್ರಪಿಂಡದ ಕಸಿಗಾಗಿ ಬರುವವರ ಕಡತ ಸಿದ್ಧಪಡಿಸುವುದು ನನ್ನ ಪಾಲಿಗಿದೆ. ಪಾಸ್‌ಪೋರ್ಟು, ಇಬ್ಬರ ಸಂಬಂಧವನ್ನು ಅವರ ದೇಶದ ರಾಯಭಾರ ಕಚೇರಿ ದೃಢಪಡಿಸಿದ ಪತ್ರ, ರಕ್ತದ ವರದಿಗಳು, ದಾನಿಯೊಂದಿಗೆ ಮನೋವೈದ್ಯರು ಮಾತಾಡಿದ ಟಿಪ್ಪಣಿ. ಇವೆಲ್ಲ ಕೂಡಿದ ಮೇಲೆ ಸಮಿತಿ ಕ್ಯಾಮೆರಾ ಮುಂದೆ ಇಬ್ಬರನ್ನೂ ಪ್ರಶ್ನಿಸುತ್ತದೆ. ಅದಕ್ಕೂ ಮೊದಲು ನಾನು ದಾನಿಯನ್ನೂ ರೋಗಿಯನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಂದೇ ಪ್ರಶ್ನೆಗಳನ್ನು ಕೇಳಿ, ಹೇಳಿದ ಸಂಬಂಧ ನಂಬುವಂತಿದೆ ಎಂದು ಸಹಿ ಮಾಡಬೇಕು. ನಂಬುವಂತಿಲ್ಲದಿದ್ದರೆ ಸಹಿ ಮಾಡಬಾರದು.

ತಮ್ಮನ ಕರ್ಮಗಳು ಮುಗಿದು ನಾನು ಕೆಲಸಕ್ಕೆ ಮರಳಿದಾಗ ಮೇಜಿನ ಮೇಲೆ ಮೊದಲು ಕಂಡ ಕಡತ ಬೆಲಾರೂಸಿನ ಇಬ್ಬರದು. ಅಣ್ಣ ರೋಗಿ, ತಂಗಿ ದಾನಿ. ಅವನು ಬೇಕರಿಯೊಂದರ ವ್ಯಾನ್ ಓಡಿಸುವವನು, ಅವಳು ಶಿಶುವಿಹಾರದ ಅಡುಗೆಯವಳು. ಇಬ್ಬರ ಪಾಸ್‌ಪೋರ್ಟಿನಲ್ಲೂ ಒಂದೇ ಮನೆತನದ ಹೆಸರು: ಸಿರೋತಾ. ತಂದೆಯ ಹೆಸರು ಬರೆಯುವ ಜಾಗದಲ್ಲೂ ಇಬ್ಬರಿಗೂ ಒಂದೇ ಹೆಸರು.

ನಿಜ ಹೇಳಬೇಕೆಂದರೆ ಆ ಪುಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ಸುಲಭವಾಗಿ ಅಣ್ಣ ತಂಗಿಯರಾಗಬಹುದು.

ಅವರನ್ನು ಕರೆತಂದಿದ್ದವನು ನೋಯ್ಡಾದ ಒಬ್ಬ ಏಜೆಂಟ್. ರೋಗಿಗಳಿಗೆ ವೀಸಾ, ಕೋಣೆ, ಕ್ಯಾಬು ಹೊಂದಿಸಿಕೊಡುವ ಕಸುಬು. ಸದಾ ಎರಡು ಫೋನು, ಸದಾ ಅವಸರ.

"ಮೇಡಂ ಜೀ, ಇಷ್ಟು ಸಾಫ್ ಫೈಲ್ ನಿಮ್ಮ ಟೇಬಲ್ಲಿಗೆ ಬಂದೇ ಇಲ್ಲ. ಅವನೂ ಸಿರೋತಾ, ಅವಳೂ ಸಿರೋತಾ. ಕಣ್ಣು ಮುಚ್ಚಿ ಸಹಿ ಹಾಕಿ."

"ಕಣ್ಣು ಬಿಟ್ಟೇ ಹಾಕ್ತೀನಿ ಭಯ್ಯಾ. ಪರೀಕ್ಷೆ ಎಲ್ಲ ಆಗ್ಲಿ."

"ನೀವು ರಜೆ ಮುಗಿಸಿ ಬಂದಿದ್ದು ನಮ್ಮ ಅದೃಷ್ಟಕ್ಕೋ ಏನೋ," ಎಂದು ನಕ್ಕ. ರಜೆ ಯಾಕೆಂದು ಅವನಿಗೆ ಗೊತ್ತಿತ್ತು.

ನಮ್ಮ ವಿಭಾಗದ ರಷ್ಯನ್ ದುಭಾಷಿ ಮಂಗಳೂರು ಕಡೆಯ ಬ್ಯಾರಿ ಮನೆತನದವಳು. ದೆಹಲಿಯ ವಿಶ್ವವಿದ್ಯಾಲಯವೊಂದರಲ್ಲಿ ನೆಂಟಸ್ತಿಕೆಯ ಪದಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಖರ್ಚಿಗೆಂದು ವಾರದಲ್ಲಿ ಕೆಲವು ದಿನ ಇಲ್ಲಿ ಮಾತು ದಾಟಿಸುತ್ತಾಳೆ. ನಾನು ಮರಳಿದ ದಿನ ಕ್ಯಾಂಟೀನಿನಲ್ಲಿ ನನ್ನ ಪಕ್ಕ ಕೂತು, ತಮ್ಮನ ವಿಷಯ ಎತ್ತದೆ, ಬೇರೇನೋ ಹೇಳಬೇಕೆಂದು ಹೆಸರಿನ ಮಾತು ತೆಗೆದಳು.

"ಅಕ್ಕಾ, ಸಿರೋತಾ ಅಂದ್ರೆ ಎಂತ ಗೊತ್ತುಂಟಾ? ತಬ್ಬಲಿ."

"ಹೆಸರೇ ಹಾಗಾ?"

"ಹೆಸರೇ. ಅಲ್ಲಿ ಎಷ್ಟೋ ಜನಕ್ಕುಂಟು. ಉಕ್ರೇನಿನವರು, ಜೆಕ್‌ನವರು, ಯಹೂದಿಗಳು, ಎಲ್ಲರಲ್ಲೂ. ಅಪ್ಪ ಅಮ್ಮ ಇಲ್ಲದ ಮಗುವನ್ನು ಯಾರೋ ಸಾಕಿಕೊಂಡ್ರೆ ಊರವರು ಹಾಗೇ ಕರೆಯುವುದು. ಆಮೇಲೆ ಅದೇ ಅವನ ಮಕ್ಕಳಿಗೆ, ಮೊಮ್ಮಕ್ಕಳಿಗೆ. ಮೊಮ್ಮಗನಿಗೆ ಮನೆ ತುಂಬ ಜನ ಇದ್ರೂ ಅವ ತಬ್ಬಲಿಯೇ."

ಅವಳಿಗೆ ಇಷ್ಟವಾದ ವಿಷಯ, ನಿಲ್ಲಿಸಲಿಲ್ಲ. ಮೂಲದಲ್ಲಿ ಆ ಪದಕ್ಕೆ ಹೆತ್ತವರಿಲ್ಲದವನು ಎಂದಷ್ಟೇ ಅರ್ಥವಲ್ಲವಂತೆ. ಯಾರನ್ನೋ ಕಳೆದುಕೊಂಡು ಬರಿದಾದವನು ಎಂದಂತೆ. ಗ್ರೀಕ್ ಭಾಷೆಯಲ್ಲಿ ಅದರ ದಾಯಾದಿ ಪದ ವಿಧವೆಯನ್ನು ಹೇಳುತ್ತದೆ, ಲಿಥುವೇನಿಯಾದಲ್ಲಿ ಹೆಂಡತಿ ಸತ್ತವನನ್ನು. ಹಳೆಯ ರಷ್ಯದ ರೈತರು ದೊರೆಗೆ ಅರ್ಜಿ ಬರೆಯುವಾಗ 'ನಿನ್ನ ತಬ್ಬಲಿಗಳು' ಎಂದೇ ತಮ್ಮನ್ನು ಕರೆದುಕೊಳ್ಳುತ್ತಿದ್ದರು. ಪೋಲೆಂಡಿನಲ್ಲಿ ಕೈಯಿಂದ ಲೋಟ ಬೀಳಿಸುವ ಪೆದ್ದನಿಗೂ ಅದೇ ಬೈಗುಳ. ಬೊಹೀಮಿಯಾದ ಒಂದು ಸೈನ್ಯ ತನ್ನ ನಾಯಕ ಸತ್ತ ಮೇಲೆ ತಾನೇ ಆ ಹೆಸರು ಇಟ್ಟುಕೊಂಡಿತಂತೆ. ಗಡ್ಡ ಮೀಸೆ ಬಂದ ಗಂಡಸರು, ತಬ್ಬಲಿಗಳು ಎಂದು.

"ನಮ್ಮಲ್ಲಿ ಪರದೇಶಿ ಅಂತಾರಲ್ಲ, ಹಾಗೆ," ಎಂದೆ.

"ಕರೆಕ್ಟ್. ಆದ್ರೆ ಅಕ್ಕಾ, ಪರದೇಶಿ ಅಂತ ಬೈಸಿಕೊಂಡವರೆಲ್ಲ ಒಂದೇ ಮನೆಯವರಾ?"

ಅವಳು ತಮಾಷೆಗೆ ಹೇಳಿದ್ದು. ನನ್ನ ಚಹಾ ಅರ್ಧಕ್ಕೇ ಉಳಿಯಿತು. ಯಾರೂ ಇಲ್ಲದವರಿಗೆಂದು ಇಡುವ ಹೆಸರು ಇಬ್ಬರಿಗೂ ಇದೆ ಎಂದರೆ ಅವರು ಒಬ್ಬರಿಗೊಬ್ಬರು ಆಗಬೇಕಾದವರು ಎಂದು ಹೇಗೆ ಹೇಳುವುದು? ಹೆಸರು ಬೇರೆಯಾದದ್ದಕ್ಕೆ ನಮ್ಮನ್ನು ಅನುಮಾನಿಸಿದ್ದರು. ಇವರದು ಒಂದೇ ಎಂದು ನಾನು ನಂಬಿಬಿಟ್ಟಿದ್ದೆ.

ಅಲ್ಲಿಂದ ನನಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಇಬ್ಬರಿಗೂ ಮುಖದಲ್ಲಿ ಹೋಲಿಕೆಯಿಲ್ಲ. ಅವನದು ಅಗಲ ದವಡೆ, ಅವಳದು ಚೂಪು ಗಲ್ಲ. ಏಜೆಂಟ್ ಅವರನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಶೌಚಾಲಯದ ಬಾಗಿಲವರೆಗೂ ಹೋಗುತ್ತಿದ್ದ. ಅಂಗಾಂಶದ ವರದಿ ಬಂದಾಗ ಹೋಲಿಕೆ ಒಂದೂ ಇರಲಿಲ್ಲ. ರಕ್ತದ ಗುಂಪು ಒಂದೇ, ಒಬ್ಬರ ರಕ್ತ ಇನ್ನೊಬ್ಬರದರೊಂದಿಗೆ ಕಾದಾಡುತ್ತಿರಲಿಲ್ಲ. ಹಾಗಾಗಿ ಕಸಿ ಸಾಧ್ಯವಿತ್ತು.

"ಒಡಹುಟ್ಟಿದವರಲ್ಲೂ ಹೀಗೆ ಪೂರ್ತಿ ಬೇರೆ ಬರೋದುಂಟು," ಎಂದರು ಮೂತ್ರಪಿಂಡದ ವೈದ್ಯರು. "ಇದರಿಂದ ಏನೂ ಸಾಬೀತಾಗಲ್ಲ. ನೀವು ಕಾಗದ ನೋಡ್ಕೊಳ್ಳಿ. ಆದರೆ ಬೇಗ. ಅವನ ಕೈಯ ರಕ್ತನಾಳ ಕೆಟ್ಟಿದೆ, ಕತ್ತಿನ ಕೊಳವೆಯಲ್ಲೇ ನಡೀತಿದೆ."

ಕತ್ತಿನ ಕೊಳವೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮರುದಿನ ಸಂದರ್ಶನ. ಮೊದಲು ಅವನು. ನನ್ನ ಪ್ರಶ್ನೆಗಳು ಯಾವಾಗಲೂ ಅಡುಗೆಮನೆಯಿಂದ ಶುರುವಾಗುತ್ತವೆ. ಚಿಕ್ಕಂದಿನ ಮನೆಯ ಕಿಟಕಿ ಯಾವ ಕಡೆಗಿತ್ತು, ಅಮ್ಮ ಭಾನುವಾರ ಏನು ಮಾಡುತ್ತಿದ್ದಳು, ಯಾರಿಗೆ ಹೊಡೆತ ಹೆಚ್ಚು ಬೀಳುತ್ತಿತ್ತು. ಕಿಟಕಿ ಸೇಬಿನ ಮರದ ಕಡೆಗಿತ್ತು, ಅಮ್ಮ ಭಾನುವಾರ ಆಲೂಗಡ್ಡೆಯ ದೋಸೆ ಮಾಡಿ ಹುಳಿ ಕೆನೆ ಹಾಕಿ ಕೊಡುತ್ತಿದ್ದಳು, ಇಬ್ಬರಿಗೂ ಹೊಡೆಯುತ್ತಿರಲಿಲ್ಲ ಎಂದ. ಆಮೇಲೆ ಅವಳು ಬಂದಳು. ಕಿಟಕಿ ಸೇಬಿನ ಮರದ ಕಡೆಗಿತ್ತು, ಅಮ್ಮ ಭಾನುವಾರ ಆಲೂಗಡ್ಡೆಯ ದೋಸೆ ಮಾಡಿ ಹುಳಿ ಕೆನೆ ಹಾಕಿ ಕೊಡುತ್ತಿದ್ದಳು, ಇಬ್ಬರಿಗೂ ಹೊಡೆಯುತ್ತಿರಲಿಲ್ಲ.

ಉತ್ತರಗಳು ಹೊಂದಿದರೆ ನಮ್ಮಲ್ಲಿ ಸರಿ ಎನ್ನುತ್ತಾರೆ. ನಾನೂ ಎಷ್ಟೋ ವರ್ಷ ಹಾಗೆಯೇ ಎಂದುಕೊಂಡು ಸಹಿ ಮಾಡಿದ್ದೇನೆ. ಆ ದಿನ ಮಾತ್ರ ನನಗೆ ತೆಂಗಿನಕಾಯಿಯೂ ಗಸಗಸೆಯೂ ನೆನಪಾದವು. ಒಂದೇ ಅಮ್ಮನ ಕೈಯ ಒಂದೇ ಸಾಗುವಿನ ಬಗ್ಗೆ ಅವನು ಸಾಯುವವರೆಗೂ ನಾವಿಬ್ಬರು ಒಪ್ಪಲಿಲ್ಲ. ಇವರು ಕೆನೆಯವರೆಗೂ ಒಪ್ಪುತ್ತಿದ್ದಾರೆ.

ದುಭಾಷಿಯ ಮುಖ ನೋಡಿದೆ. "ಪದಕ್ಕೆ ಪದ ಒಂದೇ, ಅಕ್ಕಾ," ಎಂದಳು ಮೆಲ್ಲಗೆ. "ಬಾಯಿಪಾಠ ಒಪ್ಪಿಸಿದ ಹಾಗೆ."

ನಾನು ಸಹಿ ಮಾಡದೆ ಕಡತವನ್ನು ವಿಭಾಗದ ಮುಖ್ಯಸ್ಥರ ಬಳಿಗೆ ಒಯ್ದೆ. ಅವರು ಪಂಜಾಬಿ, ಒಳ್ಳೆಯ ಮನುಷ್ಯ. ಪುಟ ತಿರುವಿ ನೋಡಿದರು.

"ರಾಯಭಾರ ಕಚೇರಿ ಮೊಹರಿದೆ. ಅಪ್ಪನ ಹೆಸರು ಒಂದೇ, ಸರ್‌ನೇಮ್ ಒಂದೇ, ಹೇಳಿಕೆ ಒಂದೇ. ನೀವು ಹೇಳೋದೇನು? ತುಂಬಾ ಸರಿಯಾಗಿದೆ, ಅದಕ್ಕೇ ತಪ್ಪು ಅಂತಾನಾ?"

"ಹೌದು ಸರ್."

"ಬೇಟಾ, ಇನ್ನೊಂದು ವಾರ ರಜೆ ತಗೊಳ್ಳಿ. ನಿಮ್ಮ ಮನಸ್ಸು ಇನ್ನೂ ಅಲ್ಲೇ ಇದೆ."

ಇರಬಹುದು ಎಂದು ನನಗೂ ಅನಿಸಿತು. ಫರೀದಾಬಾದಿನಿಂದ ಪೀತಮ್‌ಪುರಕ್ಕೆ ಮೆಟ್ರೋದಲ್ಲಿ ದೂರದ ದಾರಿ. ಕಶ್ಮೀರಿ ಗೇಟಿನಲ್ಲಿ ಬದಲಿಸಬೇಕು. ದಾರಿಯುದ್ದಕ್ಕೂ ನನ್ನನ್ನೇ ಅನುಮಾನಿಸಿದೆ. ನಮಗೆ ಸಿಗದ ಅನುಮತಿ ಇವರಿಗೆ ಸುಲಭವಾಗಿ ಸಿಗಬಾರದು ಎಂಬ ಕೆಟ್ಟ ಬುದ್ಧಿಯೇ ಇದು? ಅಥವಾ ನಿಜವಾಗಿಯೂ ಆ ಹೆಂಗಸನ್ನು ಯಾರೋ ಕೊಂಡು ತಂದಿದ್ದಾರೆಯೇ? ಸಹಿ ಮಾಡಿದರೆ ಒಬ್ಬಳ ಮೈ ಮಾರಾಟಕ್ಕೆ ನಾನು ಸಾಕ್ಷಿಯಾಗಬಹುದು. ತಡಮಾಡಿದರೆ ಕತ್ತಿನ ಕೊಳವೆಯ ಒಬ್ಬ ಮನುಷ್ಯ ಸಾಯಬಹುದು. ಎರಡರಲ್ಲಿ ಯಾವುದು ಎಂದು ತಿಳಿಯುವ ದಾರಿ ಕಚೇರಿಯ ಪ್ರಶ್ನೆಗಳಲ್ಲಿರಲಿಲ್ಲ.

ಬೆಳಿಗ್ಗೆ ದುಭಾಷಿಗೆ ಫೋನ್ ಮಾಡಿದೆ. "ಆಸ್ಪತ್ರೆಗೆ ಬರಬೇಡ. ಅವರಿರೋ ಗೆಸ್ಟ್‌ಹೌಸಿಗೆ ಬಾ. ಏಜೆಂಟಿಗೆ ಹೇಳಬೇಡ."

"ಹೇಳದೆ ಹೋಗುವುದಾ? ಅಕ್ಕಾ, ನೀವು ಪೊಲೀಸಾದ್ರಾ ಮಾರಾಯ್ತಿ?"

"ಊಟದ ಹೊತ್ತಿಗೆ ಬಾ, ಸುಮ್ಮನೆ. ಅವನು ಆಗ ಏರ್‌ಪೋರ್ಟಿಗೆ ಹೋಗಿರ್ತಾನೆ."

ಗೆಸ್ಟ್‌ಹೌಸ್ ಎಂದರೆ ಸೆಕ್ಟರಿನೊಳಗಿನ ಒಂದು ಮನೆಯ ಎರಡನೆಯ ಮಹಡಿ. ಕೋಣೆಗೊಂದು ಗ್ಯಾಸ್ ಒಲೆ. ಅಂದು ಮಂಜು ಕವಿದು ಎದುರಿನ ನೀರಿನ ಟ್ಯಾಂಕು ಕಾಣುತ್ತಿರಲಿಲ್ಲ. ನಾನು ಶಾಲು, ಸ್ವೆಟರ್, ಕಾಲುಚೀಲ ಎಲ್ಲ ಹಾಕಿದ್ದರೂ ನಡುಗುತ್ತಿದ್ದೆ. ಬಾಗಿಲು ತೆರೆದ ಆ ಹೆಂಗಸು ಅರ್ಧ ತೋಳಿನ ಅಂಗಿಯಲ್ಲಿದ್ದಳು. ನಮ್ಮನ್ನು ನೋಡಿ ಬೆಚ್ಚಿದಳು, ಆದರೂ ಒಳಗೆ ಕರೆದಳು. ನನ್ನ ಶಾಲು ತೋರಿಸಿ ಏನೋ ಹೇಳಿದಳು. ದುಭಾಷಿ ನಕ್ಕಳು.

"ಇದು ತಬ್ಬಲಿಗಳ ಚಳಿಗಾಲ ಅಂತ ಹೇಳ್ತಾ ಇದ್ದಾಳೆ. ಮೆತ್ತಗಿನ ಚಳಿಗೆ ಅವರಲ್ಲಿ ಹಾಗೇ ಹೇಳುವುದು. ಕೋಟಿಲ್ಲದವರೂ ಬದುಕಿಕೊಳ್ಳುವಂಥ ಚಳಿ."

ಅವರು ಊಟಕ್ಕೆ ಕೂರುವವರಿದ್ದರು. ನಮ್ಮನ್ನೂ ಕೂರಿಸಿದರು. ಮಾರುಕಟ್ಟೆಯ ಒಂದು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಬ್ರೆಡ್ಡು ಹೋಳು ಮಾಡದ ಇಡಿಯ ದಿಂಡು. ಅವಳು ಚಾಕು ತೆಗೆದುಕೊಂಡು ನಾಲ್ಕು ಪಾಲು ಮಾಡಿದಳು. ಒಂದು ಸ್ವಲ್ಪ ದೊಡ್ಡದಾಯಿತು. ಅಷ್ಟರಲ್ಲಿ ಅವನು, ಯಾರೂ ಹೇಳದೆ, ಕುರ್ಚಿಯಿಂದ ಎದ್ದು ಗೋಡೆಗೆ ಮುಖ ಮಾಡಿ ನಿಂತ.

ಅವಳು ಒಂದು ತುಂಡಿನ ಮೇಲೆ ಬೆರಳಿಟ್ಟು ಒಂದೇ ಪದ ಕೇಳಿದಳು. ಅವನು ಗೋಡೆಗೆ ಉತ್ತರ ಹೇಳಿದ. ಆ ತುಂಡು ನನ್ನ ಮುಂದೆ ಬಂತು. ಮತ್ತೆ ಬೆರಳು, ಮತ್ತೆ ಪ್ರಶ್ನೆ. ಮುಂದಿನದು ದುಭಾಷಿಗೆ. ಹಂಚಿಕೆ ಮುಗಿದ ಮೇಲೆ ಅವನು ತಿರುಗಿ ಬಂದು ತನ್ನ ಪಾಲಿಗೆ ಯಾವುದು ಬಂದಿದೆ ಎಂದು ನೋಡಿ ಕೂತ. ಇದೆಲ್ಲ ಕೈ ತೊಳೆಯುವಷ್ಟು ಸಹಜವಾಗಿ ನಡೆಯಿತು. ಮಾಡಿದ್ದೇನೆಂಬುದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

"ಏನು ಕೇಳಿದಳು?" ಎಂದೆ.

"ಯಾರಿಗೆ ಅಂತ." ದುಭಾಷಿಯ ದನಿ ತಗ್ಗಿತ್ತು. "ಅಕ್ಕಾ, ಅಮ್ಮ ಇರುವ ಮನೆಯಲ್ಲಿ ಹೀಗೆ ಹಂಚುವುದಿಲ್ಲ. ಅಲ್ಲಿ ಅಮ್ಮನೇ ಹಂಚುತ್ತಾಳೆ."

ನಾನು ಬ್ರೆಡ್ಡು ಕೆಳಗಿಟ್ಟೆ. ಅವನನ್ನು ವರಾಂಡಕ್ಕೆ ಹೋಗುವಂತೆ ಕೇಳಿಕೊಂಡು, ಅವಳೊಬ್ಬಳನ್ನೇ ಕೂರಿಸಿಕೊಂಡು, ನಾವು ಪ್ರತಿ ದಾನಿಗೂ ಹೇಳಲೇಬೇಕಾದ ಮಾತು ಹೇಳಿದೆ. "ನಿಮಗೆ ಇಷ್ಟವಿಲ್ಲದಿದ್ದರೆ ನನಗೊಬ್ಬಳಿಗೇ ಹೇಳಿ. ಪರೀಕ್ಷೆಯಲ್ಲಿ ಹೊಂದಲಿಲ್ಲ ಎಂದು ಎಲ್ಲರಿಗೂ ತಿಳಿಸುತ್ತೇವೆ. ಯಾರಿಗೂ ನಿಜ ಗೊತ್ತಾಗುವುದಿಲ್ಲ. ನೀವು ಸುರಕ್ಷಿತವಾಗಿ ಮನೆಗೆ ಹೋಗಬಹುದು."

ಅವಳು ಸಿಟ್ಟಿನಲ್ಲಿ ಒಂದೇ ಉಸಿರಿಗೆ ಮಾತಾಡಿದಳು.

"ನಾನು ಮನೆಗೆ ಹೋಗಿ ಯಾರ ಜೊತೆ ಊಟ ಮಾಡಲಿ ಅಂತ ಕೇಳ್ತಾಳೆ," ಎಂದಳು ದುಭಾಷಿ.

ಆಮೇಲೆ ಎಲ್ಲ ಹೊರಬಂತು. ಅಮ್ಮ ಇರಲಿಲ್ಲ, ಸೇಬಿನ ಮರವೂ ಇರಲಿಲ್ಲ. ಒಂದು ಸಣ್ಣ ಪಟ್ಟಣದ ಮಕ್ಕಳ ಮನೆ, ಅಂದರೆ ಅನಾಥಾಲಯ. ಗುರುತು ಪರಿಚಯವಿಲ್ಲದೆ ಸಿಕ್ಕ ಮಕ್ಕಳಿಗೆ ಅಲ್ಲಿ ಸಿರೋತಾ ಎಂದು ಬರೆಸುತ್ತಿದ್ದರು. ತಂದೆಯ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲದ್ದರಿಂದ ಅಲ್ಲಿನ ವೈದ್ಯರ ಹೆಸರನ್ನೇ ಹಾಕುತ್ತಿದ್ದರು. ಅವಳು, ಅವನು, ಇನ್ನೊಬ್ಬ ಹುಡುಗ, ಮೂವರೂ ಒಂದೇ ಮೇಜಿನವರು. ಹಾಗಾಗಿ ರಾಯಭಾರ ಕಚೇರಿಯ ಪತ್ರ ಸುಳ್ಳಾಗಿರಲಿಲ್ಲ. ಕಾಗದದ ಪ್ರಕಾರ ಅವರು ಅಣ್ಣ ತಂಗಿಯರೇ. ಉಳಿದದ್ದನ್ನೆಲ್ಲ ಏಜೆಂಟ್ ಕಲಿಸಿದ್ದ. ನಿಜ ಹೇಳಿದರೆ ಇಬ್ಬರನ್ನೂ ಜೈಲಿಗೆ ಹಾಕುತ್ತಾರೆ ಎಂದು ಹೆದರಿಸಿದ್ದ.

ನಂಬಿದೆನೇ? ಅರ್ಧ. ಬಾಯಿಪಾಠದ ಕೆಳಗೆ ಇನ್ನೊಂದು ಬಾಯಿಪಾಠ ಇರುವುದನ್ನು ಈ ಕೆಲಸದಲ್ಲಿ ನೋಡಿದ್ದೇನೆ.

ಈಗ ನಿರ್ಧಾರ ನನ್ನದಾಯಿತು. ಗೊತ್ತಾದದ್ದನ್ನು ಬರೆಯದಿದ್ದರೆ ಕಡತ ಹತ್ತಿರದ ನೆಂಟರ ವರ್ಗದಲ್ಲಿ ಸಲೀಸಾಗಿ ಹೋಗುತ್ತದೆ. ಮುಂದಿನ ಸಭೆಯಲ್ಲೇ ಅನುಮತಿ. ಬರೆದರೆ ಅದು ನೆಂಟರಲ್ಲದವರು ಪ್ರೀತಿ ವಿಶ್ವಾಸದಿಂದ ಕೊಡುವ ದಾನವಾಗುತ್ತದೆ. ಆ ವರ್ಗವನ್ನು ಸಮಿತಿ ಸಾಮಾನ್ಯವಾಗಿ ಮಾರಾಟವೆಂದೇ ಶಂಕಿಸಿ ನೋಡುತ್ತದೆ. ಹೊಸ ಪತ್ರಗಳು, ಹೊಸ ಸಾಕ್ಷಿ, ಹೊಸ ದಿನಾಂಕ. ಕಾಯುವುದು ಏನು ಮಾಡುತ್ತದೆಂದು ನಾನು ಆ ಚಳಿಗಾಲದಲ್ಲೇ ಕಂಡಿದ್ದೆ.

ಮಧ್ಯಾಹ್ನ ಮೇಜಿಗೆ ಬಂದು ಕಡತವನ್ನು ಮೊದಲಿನಿಂದ ಓದಿದೆ. ಕೊನೆಗೆ ನೋಡಿದ್ದು ನೋಡಿದಂತೆ ಬರೆದೆ. ಕ್ಯಾಮೆರಾ ಮುಂದೆ ಸಮಿತಿ ಆ ಬಾಯಿಪಾಠವನ್ನು ಹಿಡಿದರೆ ಬಾಗಿಲು ಎಂದೆಂದಿಗೂ ಮುಚ್ಚುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಆ ಹೆಂಗಸು ಕೊಡುತ್ತಿರುವುದು ಯಾರಿಗೆ ಎಂಬುದನ್ನು ಸುಳ್ಳಾಗಿ ಬರೆಯಲು ನನ್ನ ಕೈ ಬರಲಿಲ್ಲ. ಅವಳ ಪರವಾಗಿ ಬರೆದೆನೋ, ನನ್ನ ಅನುಮಾನ ತೀರಿಸಿಕೊಳ್ಳಲು ಬರೆದೆನೋ, ಈಗಲೂ ಖಚಿತವಾಗಿ ಹೇಳಲಾರೆ.

ಏಜೆಂಟ್ ಸಂಜೆಯೇ ಬಂದು ಮೇಜು ಗುದ್ದಿದ.

"ಏನು ಮಾಡಿಬಿಟ್ರಿ ಮೇಡಂ ಜೀ! ನಡೀತಿದ್ದ ಗಾಡಿ ನಿಲ್ಲಿಸಿದ್ರಲ್ಲ. ಆ ಮನುಷ್ಯ ಸತ್ತರೆ ನಿಮ್ಮ ತಲೆ ಮೇಲೆ."

"ಭಯ್ಯಾ, ಆ ಆಲೂಗಡ್ಡೆ ದೋಸೆ ಯಾರ ಮನೇದು? ನಿಮ್ಮದಾ?"

"ನಿಮ್ಮ ಮನೇಲಿ ಒಬ್ಬರು ಹೋದರು ಅಂತ ಎಲ್ಲರಿಗೂ ಹಾಗೇ ಆಗಬೇಕಾ?" ಎಂದ. ಮುಖ್ಯಸ್ಥರು ಕೋಣೆಯಿಂದ ಹೊರಬಂದು ಅವನಿಗೆ ಬಾಗಿಲು ತೋರಿಸಿದರು. ಅವನ ಮಾತು ಮಾತ್ರ ಉಳಿಯಿತು.

ಸಮಿತಿ ಕಡತವನ್ನು ಮುಂದೂಡಿತು. ಇಬ್ಬರನ್ನೂ ಬಲ್ಲ ಹೊರಗಿನ ಒಬ್ಬ ಸಾಕ್ಷಿ ಬೇಕೆಂದಿತು. ಮಕ್ಕಳ ಮನೆ ಎಂದೋ ಮುಚ್ಚಿತ್ತು, ವೈದ್ಯರು ತೀರಿಕೊಂಡಿದ್ದರು. ಉಳಿದವನು ಮೂರನೆಯ ಸಿರೋತಾ. ಅವನು ಎಲ್ಲೋ ಉತ್ತರದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದಾನೆ, ಜಗಳವಾಡಿಕೊಂಡು ಹೋದವನು ಎಂದರು. ಅವನ ನಂಬರು ಹುಡುಕಿದ್ದು ದುಭಾಷಿ. ಯಾರು ಯಾರಿಗೋ ಸಂದೇಶ ಕಳಿಸಿ, ಯಾರದೋ ಹೆಂಡತಿಯ ಮೂಲಕ. ಆ ಅವಧಿಯಲ್ಲಿ ರೋಗಿಗೆ ಒಮ್ಮೆ ಜ್ವರ ಬಂತು. ಅಂದು ನಾನು ವಾರ್ಡಿನ ಹೊರಗೆ ಕೂತಿದ್ದೆ. ಒಳಗೆ ಹೋಗಲಿಲ್ಲ. ಜ್ವರ ಇಳಿಯಿತು.

ಸಭೆಯ ದಿನ ದೊಡ್ಡ ಪರದೆಯ ಮೇಲೆ ಮೂರನೆಯವನು ಕಾಣಿಸಿಕೊಂಡ. ಉಣ್ಣೆಯ ಟೋಪಿ, ಹಿಂದೆ ಮರದ ಗೋಡೆ. ಇವರಿಬ್ಬರು ಮೇಜಿನ ಈ ಕಡೆ. ಸಮಿತಿಯ ಅಧ್ಯಕ್ಷೆ ಹೆಸರು, ಊರು, ವರ್ಷ ಎಲ್ಲ ಕೇಳಿದರು. ಅವನು ಚುಟುಕಾಗಿ ಉತ್ತರಿಸಿದ. ಏಜೆಂಟ್ ಇವನನ್ನೂ ಮೊದಲೇ ಹಿಡಿದಿರಬಹುದೇ ಎಂದು ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ. ಅಧ್ಯಕ್ಷೆಯ ಅನುಮತಿ ಪಡೆದು ಒಂದೇ ಪ್ರಶ್ನೆ ಕೇಳಿದೆ. ಅದನ್ನು ದುಭಾಷಿಗೂ ಮೊದಲೇ ಹೇಳಿರಲಿಲ್ಲ.

"ಒಂದು ರೊಟ್ಟಿ ಇದ್ದರೆ ನೀವು ಮೂವರೂ ಹೇಗೆ ಹಂಚಿಕೊಳ್ಳುತ್ತಿದ್ದಿರಿ?"

ಅವನು ಎದ್ದು ನಮಗೆ ಬೆನ್ನು ತಿರುಗಿಸಿದ. ಪರದೆಯ ತುಂಬ ಅವನ ಕೋಟಿನ ಬೆನ್ನು. ಗೋಡೆಗೆ ಏನೋ ಹೇಳಿದ, ಇನ್ನೊಂದು ಹೇಳಿದ. ಥಟ್ಟನೆ ತಿರುಗಿ ಕ್ಯಾಮೆರಾಕ್ಕೆ ಬೆರಳು ಚಾಚಿ ಕೂಗತೊಡಗಿದ.

ದುಭಾಷಿ ಮಾತಿನ ಹಿಂದೆ ಓಡುತ್ತಿದ್ದಳು. "ಇಲ್ಲಿ ಕೂತಿರುವ ಇವ ಕೆಮ್ಮುತ್ತಿದ್ದನಂತೆ! ದೊಡ್ಡ ತುಂಡಿನ ಮೇಲೆ ಬೆರಳಿಡುವಾಗ ಇವ ಕೆಮ್ಮುವುದು, ಕೆಮ್ಮು ಕೇಳಿದ ಕೂಡಲೇ ತಾನು ಗೊತ್ತಿಲ್ಲದೆ, ಅಭ್ಯಾಸದಿಂದ, ಅವಳ ಹೆಸರು ಹೇಳುವುದು. ಯಾವಾಗಲೂ ಅವಳಿಗೇ ದೊಡ್ಡದು. ತನಗೆ ದೊಡ್ಡವನಾದ ಮೇಲೆ ಗೊತ್ತಾಯಿತು, ಅದಕ್ಕೇ ಮಾತು ಬಿಟ್ಟೆ ಅಂತ."

ದಾನಿ ಕುರ್ಚಿಯಿಂದ ಎದ್ದಿದ್ದಳು. "ಸುಳ್ಳಂತೆ. ಅವನಿಗೆ ನೆಗಡಿ ಇತ್ತಂತೆ."

"ವರ್ಷವಿಡೀ ನೆಗಡಿಯಾ ಅಂತ ಕೇಳ್ತಿದ್ದಾನೆ ಅವ."

ರೋಗಿ ಕೆನ್ನೆ ಕೆಂಪಾಗಿಸಿಕೊಂಡು ಮೇಜನ್ನು ನೋಡುತ್ತಿದ್ದ. ಕೆಮ್ಮಿದ್ದು ನಿಜವೇ ಎಂದು ಅಧ್ಯಕ್ಷೆ ಕೇಳಿದರು. ಕೆಮ್ಮಿದ್ದು ಒಂದೆರಡು ಸಲ, ಅದೂ ಮೊಟ್ಟೆಗೆ, ರೊಟ್ಟಿಗಲ್ಲ ಎಂದ. ಮೂವರೂ ಒಟ್ಟಿಗೆ ಕೂಗಾಡತೊಡಗಿದರು. ಒಬ್ಬರ ಮಾತೂ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ದುಭಾಷಿ ಕೈಚೆಲ್ಲಿ ನಕ್ಕಳು. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಪಕ್ಕದ ಕುರ್ಚಿಯಲ್ಲಿ ಕೂತು ತೆಂಗಿನಕಾಯಿ, ಗಸಗಸೆ ಎಂದುಕೊಳ್ಳುತ್ತಿದ್ದೆ.

ಅನುಮತಿ ಬಂತು. ಸಂಬಂಧದ ಸಾಲಿನಲ್ಲಿ 'ಒಂದೇ ಮಕ್ಕಳ ಮನೆಯಲ್ಲಿ ಬೆಳೆದವರು' ಎಂದು ಬರೆದರು. ಮಂಜು ಕರಗಿ ಬಿಸಿಲು ಚುರುಗುಡುವ ಹೊತ್ತಿಗೆ ಕಸಿ ನಡೆಯಿತು, ಅವನು ಬದುಕಿಕೊಂಡ. ಹೊರಡುವ ದಿನ ಅವಳು ನನ್ನ ಮೇಜಿನ ಬಳಿ ನಿಂತು, ನಿಮಗೆ ಯಾರಿದ್ದಾರೆ ಎಂದು ದುಭಾಷಿಯ ಮೂಲಕ ಕೇಳಿದಳು. ತಮ್ಮನಿದ್ದ ಎಂದೆ. ಅವಳು ಒಂದು ಪದ ಹೇಳಿದಳು. ದುಭಾಷಿ ಅದನ್ನು ಅನುವಾದಿಸಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ ಆ ಪದ ನನಗೆ ಗೊತ್ತಿತ್ತು.

ನಾನೂ ತಮ್ಮನೂ ಒಂದೇ ಮನೆಯವರು ಎಂದು ಬರೆದ ಕಾಗದಕ್ಕಾಗಿ ಊರಿನ ಕಚೇರಿಗೆ ಹಾಕಿದ ಅರ್ಜಿಯನ್ನು ನಾನು ಹಿಂದಕ್ಕೆ ಪಡೆದಿಲ್ಲ. ತಿಂಗಳಿಗೊಮ್ಮೆ ಫೋನ್ ಮಾಡುತ್ತೇನೆ. ಈಗ ಅದು ಯಾತಕ್ಕೆ ಎಂದು ಆ ಕಡೆಯ ಗುಮಾಸ್ತ ಕೇಳುತ್ತಾರೆ. ಬೇಕು ಎನ್ನುತ್ತೇನೆ. ನೋಡ್ತೀವಿ ಎನ್ನುತ್ತಾರೆ.

ವಂಶವೃಕ್ಷ ಇನ್ನೂ ಬಂದಿಲ್ಲ.